ಜೀಪ್ ಶೆಡ್ಡಿನಲ್ಲಿ ಲೇತ್ ಕೂರಿಸಿ ಗೇರ್ ನಾಬ್ ಕಡೆದ ನನ್ನ ಅನುಭವ

ನಮ್ಮ ಜೀಪಿನ ಗೇರ್ ನಾಬ್, ಅಂದರೆ ಗೇರ್ ಲಿವರ್‌ನ ತುದಿಯ ಹಿಡಿಗುಂಡು, ಬಿರುಕು ಬಿಟ್ಟು ಎರಡು ಹೋಳಾದದ್ದು ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ. ಎರಡನೇ ಗೇರಿನಿಂದ ಮೂರಕ್ಕೆ, ಮೂರರಿಂದ ಮತ್ತೆ ಎರಡಕ್ಕೆ ಬದಲಿಸುತ್ತಲೇ ಇರಬೇಕಾದ ಆ ದಾರಿಯಲ್ಲಿ ಲಿವರ್‌ನ ಬರಿಯ ತುದಿಯನ್ನು ಹಿಡಿದು ಇಳಿದಾಗ, ಅಂಗೈ ಮೇಲೆ ಥ್ರೆಡ್‌ನ ಗೆರೆಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವು. ಅಂಗಡಿಯಲ್ಲಿ ಸಿಕ್ಕ ಪ್ಲಾಸ್ಟಿಕ್ ನಾಬ್ ಒಂದು ವರ್ಷವೂ ಬಾಳಲಿಲ್ಲ. ಲೋಹವನ್ನೋ ಮರವನ್ನೋ ತಿರುಗಿಸುತ್ತ ಕಡೆಯುವ ಯಂತ್ರವಾದ ಲೇತ್ ಒಂದನ್ನು ಮನೆಗೆ ತರಬೇಕೆಂಬ ಬಹುಕಾಲದ ಆಸೆಗೆ ಇದು ನೆಪವಾಯಿತು. ನಾಬ್ ಕಡೆಯುವುದು ಅರ್ಧ ದಿನದ ಕೆಲಸವೆಂದೂ, ಅದಕ್ಕೆ ಮೊದಲು ಲೇತ್ ಅನ್ನು ಕೊಡಗಿನ ಮಳೆಗೂ ಕರೆಂಟಿಗೂ ಹೊಂದಿಸಿ ಕೂರಿಸುವುದು ಹಲವು ತಿಂಗಳ ಕೆಲಸವೆಂದೂ ನನಗೆ ತಿಳಿದದ್ದು ಆಮೇಲೆ.

ನಾನು ಕೊಂಡದ್ದು ನಾಲ್ಕು ಅಡಿ ಬೆಡ್‌ನ (ಎಲ್ಲ ಭಾಗಗಳೂ ಕೂರುವ ಉದ್ದನೆಯ ತಳ), ಸುಮಾರು 400 ಕೆ.ಜಿ. ತೂಕದ ಹಳೆಯ ಲೇತ್. ಮೈಸೂರಿನಲ್ಲಿ ಮುಚ್ಚುತ್ತಿದ್ದ ಒಂದು ವರ್ಕ್‌ಶಾಪಿನಲ್ಲಿ ಅದು ಇತ್ತು. ನೋಡಲು ಹೋಗುವಾಗ ಕುಶಾಲನಗರದಲ್ಲಿ ಬಹಳ ವರ್ಷ ಟರ್ನರ್ (ಲೇತ್ ಕೆಲಸಗಾರ) ಆಗಿದ್ದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರಂತೆ ನಾನೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತೇನೆ. ಅವರು ಕೆಲಸ ಕಲಿತದ್ದು ಎಚ್‌ಎಂಟಿ ಲೇತ್ ಮೇಲೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಆ ಕಾರ್ಖಾನೆ ಗಡಿಯಾರಕ್ಕೆ ಹೆಸರಾಗುವ ಮೊದಲು ಲೇತ್‌ಗಳನ್ನೇ ತಯಾರಿಸುತ್ತಿತ್ತು ಎಂಬುದನ್ನು ದಾರಿಯುದ್ದಕ್ಕೂ ಅಭಿಮಾನದಿಂದ ಹೇಳುತ್ತಿದ್ದರು. ಹೊಸ ಬಣ್ಣ ಹೊಡೆದಿದ್ದ ಆ ಲೇತ್‌ನ ಬಣ್ಣದ ಕಡೆಗೆ ಮೇಸ್ತ್ರಿ ತಿರುಗಿಯೂ ನೋಡಲಿಲ್ಲ. ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜ್ ಅನ್ನು, ಜಾಬ್ ಅಂದರೆ ಕಡೆಯುವ ತುಂಡನ್ನು ಕಚ್ಚಿ ತಿರುಗಿಸುವ ಚಕ್ಕಿನ ಹತ್ತಿರಕ್ಕೆ ತಂದು, ಅದರ ಲಾಕ್ ಬೋಲ್ಟನ್ನು ಲಘುವಾಗಿ ಬಿಗಿದು, ಕೈಚಕ್ರ ತಿರುಗಿಸುತ್ತ, ಇನ್ನೊಂದು ತುದಿಯಲ್ಲಿ ಜಾಬ್‌ಗೆ ಆಸರೆ ಕೊಡುವ ಟೈಲ್‌ಸ್ಟಾಕ್ ಕಡೆಗೆ ಸಾಗಿಸಿದರು. ಹೆಚ್ಚು ಕೆಲಸ ನಡೆಯುವುದು ಚಕ್ಕಿನ ಬಳಿಯಾದ್ದರಿಂದ ಬೆಡ್ ಸವೆಯುವುದೂ ಅಲ್ಲೇ. ಅಲ್ಲಿ ಸಡಿಲವಾಗಿದ್ದು ಮುಂದೆ ಬಿಗಿಯಾದರೆ ಸವೆತ ಇದೆ ಎಂದು ಅರ್ಥ. ಆಮೇಲೆ ಚಕ್ಕಿಗೆ ಒಂದು ದಪ್ಪ ರಾಡ್ ಕಚ್ಚಿಸಿ, ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು, ರಾಡನ್ನು ಮೇಲಕ್ಕೂ ಕೆಳಕ್ಕೂ ಮೀಟಿ, ಚಕ್ಕನ್ನು ತಿರುಗಿಸುವ ಅಚ್ಚಾದ ಸ್ಪಿಂಡಲ್‌ನ ಅಲುಗಾಟ ನೋಡಿದರು. ಬೆಡ್‌ನಲ್ಲಿ ತುಸು ಸವೆತವಿತ್ತು, ಸ್ಪಿಂಡಲ್ ಗಟ್ಟಿಯಾಗಿತ್ತು. “ನಿಮ್ಮ ಗುಂಡು ಕೆಲಸಕ್ಕೆ ಇಷ್ಟು ಸಾಕು ಸಾರ್, ಆದ್ರೆ ಲೆವೆಲ್ ಹಾಕದೆ ಚಕ್ ತಿರುಗಿಸ್ಬೇಡಿ” ಎಂದರು.

ಲೇತ್‌ನ ಭಾರವೆಲ್ಲ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಕಡೆಗೇ ಇರುವುದರಿಂದ ಸಾಗಿಸುವಾಗ ಅದು ಮಗುಚುವ ಅಪಾಯ ಹೆಚ್ಚು. ಮೋಟರ್, ಚಕ್, ಟೈಲ್‌ಸ್ಟಾಕ್ ಮೂರನ್ನೂ ಬಿಚ್ಚಿ ಬೇರೆಯಾಗಿ ತಂದೆವು. ಪಿಕಪ್‌ನಿಂದ ಚೈನ್ ಪುಲ್ಲಿಯಲ್ಲಿ ಇಳಿಸಿ, ನೀರಿನ ಪೈಪಿನ ತುಂಡುಗಳ ಮೇಲೆ ಉರುಳಿಸಿ ಶೆಡ್ಡಿನೊಳಕ್ಕೆ ತರಲು ತೋಟದ ನಾಲ್ಕು ಜನರಿಗೆ ಒಂದು ಮಧ್ಯಾಹ್ನ ಹಿಡಿಯಿತು. ಶೆಡ್ಡಿನ ನೆಲ ಮಣ್ಣಿನ ಮೇಲೆ ಎಳೆದ ತೆಳು ಸಿಮೆಂಟ್ ಆಗಿದ್ದರಿಂದ, ಲೇತ್ ನಿಲ್ಲುವಷ್ಟು ಜಾಗವನ್ನು ಮುಂಚೆಯೇ ಅಗೆಸಿ, ಎಂಟು ಇಂಚು ದಪ್ಪದ ಕಾಂಕ್ರೀಟ್ ಹಾಕಿಸಿ, ಬೋಲ್ಟ್‌ಗಳನ್ನು ಅದರಲ್ಲೇ ಹೂಳಿಸಿ, ಎರಡು ವಾರ ನೀರು ಕಟ್ಟಿ, ಒಂದು ತಿಂಗಳು ಮುಟ್ಟದೆ ಬಿಟ್ಟಿದ್ದೆ.

ಲೆವೆಲ್ ಹಾಕುವ ಕೆಲಸವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮನೆಯಲ್ಲಿ ಲೇತ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇದನ್ನು ಗಾರೆ ಕೆಲಸದ ಮಟ್ಟದಿಂದ ಮುಗಿಸಿಬಿಡುತ್ತಾರೆ. ಲೇತ್ ನೆಲಕ್ಕೆ ಸಮತಟ್ಟಾಗಿರುವುದು ಅಷ್ಟು ಮುಖ್ಯವಲ್ಲ; ಬೆಡ್ ತಿರುಚಿಕೊಳ್ಳದೆ ಇರುವುದು ಮುಖ್ಯ. ನಾಲ್ಕು ಕಾಲುಗಳಲ್ಲಿ ಒಂದು ಕೂದಲೆಳೆಯಷ್ಟು ತಗ್ಗಿದ್ದು, ಅದರ ಬೋಲ್ಟನ್ನು ಬಿಗಿದರೆ ಎರಕದ ಕಬ್ಬಿಣದ ಬೆಡ್ ಕೂಡ ಹಿಂಡಿದ ಬಟ್ಟೆಯಂತೆ ತುಸು ತಿರುಚುತ್ತದೆ. ಮೇಸ್ತ್ರಿ ಎರವಲು ತಂದ ಲೆವೆಲ್ ಮೀಟರಿಗೆ 0.02 ಮಿ.ಮೀ. ವ್ಯತ್ಯಾಸವನ್ನೂ ತೋರಿಸುವಂಥದ್ದು. ಅದರಿಂದ ಮೊದಲ ಹಂತ ಮುಗಿಸಿ, ಆಮೇಲೆ ಲೇತ್‌ನಿಂದಲೇ ಅದರ ಪರೀಕ್ಷೆ ಮಾಡಿದೆವು. ಟೈಲ್‌ಸ್ಟಾಕ್‌ನ ಆಸರೆಯಿಲ್ಲದೆ ಚಕ್ಕಿಗೆ ಕಚ್ಚಿಸಿದ ದಪ್ಪ ರಾಡಿನ ಮೇಲೆ, ಚಕ್ಕಿನ ಹತ್ತಿರ ಒಂದು, ಆರು ಇಂಚು ಆಚೆ ಒಂದು, ಹೀಗೆ ಎರಡು ಬಳೆಗಳನ್ನು ಉಳಿಸಿ, ಟೂಲನ್ನು ಅಲುಗಿಸದೆ ಎರಡರ ಮೇಲೂ ಒಂದೇ ಓಟದಲ್ಲಿ ತೆಳುವಾದ ಕಟ್ ತೆಗೆದು, ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಆಚೆಯ ಬಳೆ ನಮಗೆ 0.06 ಮಿ.ಮೀ. ದಪ್ಪ ಬಂತು. ಅಂದರೆ ಅಲ್ಲಿ ಟೂಲ್ ನಮ್ಮ ಕಡೆಗೆ ವಾಲಿ ಜಾಬ್‌ನಿಂದ ದೂರ ಸರಿದಿದೆ. ಟೈಲ್‌ಸ್ಟಾಕ್ ತುದಿಯ ಮುಂದಿನ ಕಾಲನ್ನು ಎತ್ತಬೇಕು. ಆ ಕಾಲಿನಡಿ ತೆಳು ತಗಡು ಕೊಟ್ಟು, ಬಿಗಿದು, ಮತ್ತೆ ಕಟ್ ತೆಗೆದು, ಮತ್ತೆ ಅಳೆದು, ಒಂಬತ್ತನೆಯ ಸಲಕ್ಕೆ ವ್ಯತ್ಯಾಸ 0.01ಕ್ಕೆ ಇಳಿಯಿತು. ಅಂದು ಸಂಜೆಯಾಗಿತ್ತು, ಮೇಸ್ತ್ರಿ ಆ ರಾಡನ್ನು ಒರೆಸಿ, ಎಣ್ಣೆ ಹಚ್ಚಿ, ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಪ್ರತಿ ವರ್ಷ ಅದೇ ರಾಡನ್ನು ಹಾಕಿ ನೋಡುತ್ತೇನೆ.

ಕರೆಂಟಿನ ವಿಷಯದಲ್ಲಿ ನಾನು ಎಡವಿದೆ. ಲೇತ್ ಜೊತೆಗೆ ಬಂದದ್ದು 1 ಎಚ್‌ಪಿಯ ಸಿಂಗಲ್ ಫೇಸ್ ಮೋಟರ್. ನಮ್ಮ ತೋಟವಿರುವುದು ಲೈನಿನ ಕೊನೆಯಲ್ಲಿ. ಮಳೆಗಾಲದ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವುದುಂಟು. ಇಂಥ ಮೋಟರಿನಲ್ಲಿ ಹೊರಡುವುದಕ್ಕೆಂದೇ ಒಂದು ಬೇರೆ ವೈಂಡಿಂಗ್ ಇರುತ್ತದೆ, ವೇಗ ಬಂದೊಡನೆ ಒಳಗಿನ ಸ್ವಿಚ್ ಅದನ್ನು ಕಡಿದುಹಾಕುತ್ತದೆ. ವೋಲ್ಟೇಜ್ ಸಾಲದೆ ಮೋಟರ್ ಆ ವೇಗವನ್ನೇ ಮುಟ್ಟದಿದ್ದರೆ, ಕೆಲವೇ ಕ್ಷಣಗಳಿಗೆಂದು ಸುತ್ತಿದ ಆ ತಂತಿ ಕರೆಂಟನ್ನು ಹೊತ್ತುಕೊಂಡೇ ಉಳಿಯುತ್ತದೆ. ನನ್ನದು ಜುಲೈ ತಿಂಗಳ ಒಂದು ಸಂಜೆ ಗುರ್ ಎಂದು ನಿಂತು, ಅರಗು ಸುಟ್ಟ ವಾಸನೆ ಬಿಟ್ಟು ಸತ್ತಿತು. ಅದರ ಬದಲಿಗೆ ಒಂದು ತ್ರೀ ಫೇಸ್ ಮೋಟರನ್ನೂ, ಸಿಂಗಲ್ ಫೇಸ್ ತೆಗೆದುಕೊಂಡು ತ್ರೀ ಫೇಸ್ ಕೊಡುವ 0.75 ಕಿಲೋವ್ಯಾಟಿನ ವಿಎಫ್‌ಡಿ ಡ್ರೈವನ್ನೂ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿದೆ. ಇಲ್ಲಿ ಒಂದು ಮಾತು ಮರೆಯಬಾರದು. ನಮ್ಮಲ್ಲಿ ಸಿಗುವ ಸಣ್ಣ ತ್ರೀ ಫೇಸ್ ಮೋಟರ್‌ಗಳು ಸಾಮಾನ್ಯವಾಗಿ 415 ವೋಲ್ಟಿಗೆ, ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಳಗೇ ಸೇರಿದ ಸ್ಟಾರ್ ಜೋಡಣೆಯಲ್ಲಿರುತ್ತವೆ, ಡ್ರೈವ್ ಕೊಡುವುದು 230. ವೈಂಡಿಂಗ್ ಮಾಡುವವರಲ್ಲಿಗೆ ಒಯ್ದು, ಒಳಗೆ ಸೇರಿಸಿದ ಆ ಮೂರು ತುದಿಗಳನ್ನು ಬಿಡಿಸಿ ಹೊರಗೆ ತೆಗೆಸಿ, 230ಕ್ಕೆ ಹೊಂದುವ ಡೆಲ್ಟಾ ಜೋಡಿಸಿಕೊಳ್ಳಬೇಕು. ಈಗ ವೋಲ್ಟೇಜ್ ತೀರಾ ಇಳಿದರೆ ಡ್ರೈವ್ ತಾನಾಗಿಯೇ ನಿಲ್ಲಿಸುತ್ತದೆ. ಬೆಲ್ಟ್ ಬದಲಿಸದೆ ವೇಗವನ್ನು ಏರಿಸಿ ಇಳಿಸಬಹುದಾದದ್ದು ನಾಬ್ ಕೆಲಸಕ್ಕೆ ದೊಡ್ಡ ಅನುಕೂಲವಾಯಿತು. ಆದರೆ 20 ಹರ್ಟ್ಸ್‌ಗಿಂತ ಕೆಳಗೆ ಬಹಳ ಹೊತ್ತು ಓಡಿಸುವುದಿಲ್ಲ, ಮೋಟರಿನ ಫ್ಯಾನ್ ಕೂಡ ಅಷ್ಟೇ ನಿಧಾನವಾಗಿ ಸುತ್ತಿ ಮೈ ಬಿಸಿಯಾಗುತ್ತದೆ.

ತುಕ್ಕು ಇನ್ನೊಂದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೇ ಬೂಷ್ಟು ಬರುವಾಗ, ಬರಿಮೈಯ ಬೆಡ್ ಒಂದೇ ರಾತ್ರಿಯಲ್ಲಿ ಕೆಂಪು ತಿರುಗುತ್ತದೆ. ದಪ್ಪ ಎಣ್ಣೆ ಬಳಿದರೆ ಅಷ್ಟಕ್ಕೇ ಸಾಲುವುದಿಲ್ಲ. ಕೆಲಸ ಮುಗಿದ ಮೇಲೆ ಎಣ್ಣೆ ಹಚ್ಚಿ, ದಪ್ಪ ಹಳೆಯ ಕಂಬಳಿ ಹೊದಿಸಿ, ಕಂಬಳಿಗೆ ತಾಗದಂತೆ ತಂತಿಬಲೆಯ ಗೂಡಿನೊಳಗೆ 40 ವ್ಯಾಟಿನ ಹಳೆಯ ಬಲ್ಬನ್ನು ಬೆಡ್ ಕೆಳಗೆ ಉರಿಸಿಡುತ್ತೇನೆ. ಕಬ್ಬಿಣ ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿದ್ದರೆ ಅದರ ಮೇಲೆ ನೀರು ಕೂರುವುದಿಲ್ಲ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು, ಅದರಲ್ಲಿ ಆ ಶಾಖವಿಲ್ಲ.

ನಾಬ್ ಮಾಡುವ ಮೊದಲು ಲಿವರ್‌ನ ಥ್ರೆಡ್ ಅಳೆಯಬೇಕು, ಊಹಿಸಬಾರದು. ಟೊಯೋಟಾ ಕಾರುಗಳಲ್ಲಿ ಸಾಮಾನ್ಯವಾಗಿ ಎಂ12×1.25 (12 ಮಿ.ಮೀ. ವ್ಯಾಸ, ಎಳೆಯಿಂದ ಎಳೆಗೆ 1.25 ಮಿ.ಮೀ. ಪಿಚ್), ಹೋಂಡಾದಲ್ಲಿ ಎಂ10×1.5 ಇರುತ್ತದೆ. ನಮ್ಮ ಜೀಪಿನಂಥ ಹಳೆಯ ಗಾಡಿಗಳ ಲಿವರ್‌ಗೆ ಯಾವ ಕಾಲದಲ್ಲಿ ಯಾರು ಯಾವ ಥ್ರೆಡ್ ಹಾಕಿಸಿದ್ದಾರೋ ಹೇಳಲಾಗದು. ವರ್ನಿಯರ್‌ನಿಂದ ವ್ಯಾಸವನ್ನೂ, ಪಿಚ್ ಗೇಜ್‌ನ ಹಲ್ಲುಗಳನ್ನು ಬೆಳಕಿಗೆ ಹಿಡಿದು ಕೂರಿಸಿ ಪಿಚ್ಚನ್ನೂ ನೋಡಲೇಬೇಕು. ನಮ್ಮದು ಎಂ12×1.25 ಎಂದು ತಿಳಿಯಿತು. ಅದಕ್ಕೆ 10.8 ಮಿ.ಮೀ. ಡ್ರಿಲ್ ಬಿಟ್ ಬೇಕು.

ಮೊದಲನೆಯದನ್ನು 55 ಮಿ.ಮೀ. ಅಲ್ಯೂಮಿನಿಯಂ ರಾಡಿನಲ್ಲಿ, 50 ಮಿ.ಮೀ. ಗುಂಡಾಗಿ ಕಡೆದೆ. ಮುಖ ಸಾಪು ಮಾಡಿ, ತೂತು ಕೊರೆದು, ತೂತಿನೊಳಗೆ ಥ್ರೆಡ್ ಕಡಿಯುವ ಟ್ಯಾಪನ್ನು ಟೈಲ್‌ಸ್ಟಾಕ್‌ನ ಆಸರೆಯಲ್ಲಿ ನೇರವಾಗಿ ಹಿಡಿದು, ಕರೆಂಟ್ ಹಾಕದೆ ಕೈಯಿಂದ ಥ್ರೆಡ್ ಹಾಕಿದೆ. ಆಮೇಲೆ ತುಂಡನ್ನು ಕತ್ತರಿಸಿ, ಅದೇ ಥ್ರೆಡ್‌ನ ಒಂದು ಗಿಡ್ಡ ಗೂಟವನ್ನು ಚಕ್ಕಿನಲ್ಲೇ ತಯಾರಿಸಿ, ಅದಕ್ಕೆ ತಿರುಪಿ ಹೊರಮೈ ಕಡೆದೆ. ಹೀಗೆ ಮಾಡಿದರೆ ಗುಂಡು ಮತ್ತು ತೂತು ಒಂದೇ ನಡುಗೆರೆಯಲ್ಲಿರುತ್ತವೆ. ಕಟ್‌ನ ಒತ್ತಡ ಗುಂಡನ್ನು ಗೂಟದ ಮೇಲೆ ಇನ್ನಷ್ಟು ಬಿಗಿಯುತ್ತದೆಯೇ ಹೊರತು ಬಿಚ್ಚುವುದಿಲ್ಲ. ಗುಂಡು ಕಡೆಯುವ ಅಟ್ಯಾಚ್‌ಮೆಂಟ್ ನನ್ನಲ್ಲಿರಲಿಲ್ಲ. ಶಾಲೆಯ ಪೈಥಾಗರಸ್ ಪ್ರಮೇಯವೇ ಸಾಕಾಯಿತು: ತುದಿಯಿಂದ 1 ಮಿ.ಮೀ. ಒಳಗೆ ವ್ಯಾಸ 14, 5 ಮಿ.ಮೀ. ಒಳಗೆ 30, 10ಕ್ಕೆ 40, 18ಕ್ಕೆ 48, 25ಕ್ಕೆ ಪೂರ್ತಿ 50. ಇವುಗಳ ನಡುವಿನ ಅಂಕಿಗಳನ್ನೂ ಅರ್ಧರ್ಧ ಮಿ.ಮೀ. ಅಂತರಕ್ಕೆ ಲೆಕ್ಕ ಹಾಕಿ ಗೋಡೆಗೆ ಅಂಟಿಸಿ, ಅದರಂತೆ ಮೆಟ್ಟಿಲು ಮೆಟ್ಟಿಲಾಗಿ ಕಡೆದು, ಮೆಟ್ಟಿಲುಗಳ ಮೂಲೆಗೆಲ್ಲ ಮಾರ್ಕರ್‌ನಿಂದ ಬಣ್ಣ ಹಚ್ಚಿ, ಒಳಮೂಲೆಯ ಬಣ್ಣದ ಕೊನೆಯ ಗೆರೆ ಮಾಯವಾಗುವವರೆಗೆ ಅರ ಹಾಕಿದೆ. ಆ ಗೆರೆಗಳು ಒಂದೊಂದಾಗಿ ಕರಗಿ ಬೆಳ್ಳಿಯಂಥ ಗುಂಡು ಹೊರಬಂದದ್ದನ್ನು ನೋಡಿದ ಸಂತೋಷ ನನಗೆ ಇಂದಿಗೂ ಇದೆ. ನಿಮಿಷಕ್ಕೆ 100 ಮೀಟರ್ ಕಟಿಂಗ್ ವೇಗಕ್ಕೆ 50 ಮಿ.ಮೀ. ವ್ಯಾಸದಲ್ಲಿ ಸುಮಾರು 640 ಸುತ್ತು ಬೇಕು. ಟೂಲ್‌ಗೆ ಅಲ್ಯೂಮಿನಿಯಂ ಮೆತ್ತಿಕೊಳ್ಳದಂತೆ ಬ್ರಷ್‌ನಿಂದ ಸೀಮೆಎಣ್ಣೆ ಹಚ್ಚುತ್ತಿದ್ದೆ.

ಹಿತ್ತಾಳೆಯ ನಾಬ್ ಕಡೆಯುವಾಗ ಅದೇ ಟೂಲನ್ನು ಹಾಕಿದ್ದು ತಪ್ಪಾಯಿತು. ಅಲ್ಯೂಮಿನಿಯಂಗೆ ಮೇಲ್ಮೈ ಇಳಿಜಾರಾಗಿ ಸಾಣೆ ಹಿಡಿದ ಟೂಲ್ ಹಿತ್ತಾಳೆಯೊಳಕ್ಕೆ ತಾನೇ ಎಳೆದುಕೊಂಡು ಕಚ್ಚುತ್ತದೆ. ಜಾಬ್ ಒಮ್ಮೆಲೇ ನಿಂತು, ಗೂಟ ಬಾಗಿ, ಗುಂಡಿನ ಮೇಲೆ ಬೆರಳಗಲದ ಗಾಯವಾಯಿತು. ಹಿತ್ತಾಳೆಗೆ ಟೂಲ್‌ನ ಮೇಲ್ಮೈ ಚಪ್ಪಟೆಯಾಗಿಯೇ ಇರಬೇಕು. ಅಂದಿನಿಂದ ಎರಡಕ್ಕೂ ಬೇರೆ ಬೇರೆ ಟೂಲ್ ಇಟ್ಟಿದ್ದೇನೆ. ತೂಕವನ್ನೂ ಯೋಚಿಸಬೇಕು: 50 ಮಿ.ಮೀ. ಗಟ್ಟಿ ಗುಂಡು ಅಲ್ಯೂಮಿನಿಯಂನಲ್ಲಿ ಸುಮಾರು 175 ಗ್ರಾಂ, ಹಿತ್ತಾಳೆಯಲ್ಲಿ ಅರ್ಧ ಕೆ.ಜಿ.ಗೂ ಹೆಚ್ಚು. ಭಾರದ ನಾಬ್ ಗೇರನ್ನು ಮೆತ್ತಗೆ ಒಳಗೆ ಕೂರಿಸುತ್ತದೆ, ನಿಜ. ಆದರೆ ತೋಟದ ಕಲ್ಲುದಾರಿಯಲ್ಲಿ ಆ ತೂಕ ಲಿವರನ್ನು ಕುಲುಕಿ, ಗೇರ್‌ಬಾಕ್ಸ್ ಸವೆದ ನಮ್ಮ ಜೀಪಿನಲ್ಲಿ ಮೂರನೇ ಗೇರು ಎರಡು ಸಲ ತಾನಾಗಿ ಹೊರಬಂತು. ಹಳೆಯ ಗಾಡಿಗೆ 250 ಗ್ರಾಂ ಮೀರಬಾರದೆಂಬುದು ನನ್ನ ಅಭಿಪ್ರಾಯ.

ಕೊನೆಗೆ ನನ್ನ ಮನಸ್ಸು ನಿಂತದ್ದು ಕಾಫಿ ಮರದ ಮೇಲೆ. ಬೀಟೆ ಚೆನ್ನಾಗಿರುತ್ತದೆ ಎಂದು ಹಲವರು ಹೇಳಿದರು. ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಒಂದು ನಾಬ್‌ಗಾಗಿ ಆ ಮರವನ್ನು ಮುಟ್ಟುವ ಮನಸ್ಸೂ ನನಗಿಲ್ಲ. ಕಾಫಿಯ ಬುಡವಾದರೋ ನಮ್ಮಲ್ಲಿ ಪ್ರತಿ ವರ್ಷ ಒಲೆಗೆ ಹೋಗುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಕಿತ್ತು ಸುಡುವುದು ತೋಟದ ರೂಢಿ. ಹುಳುವಿರುವ ಭಾಗವನ್ನು ಸುಟ್ಟು, ಒಣಗಿದ ಹಳೆಯ ಬುಡಗಳನ್ನು ಮಾತ್ರ ನಾನು ಆರಿಸಿಕೊಂಡೆ. ಬೆಣ್ಣೆಯ ಬಣ್ಣದ, ಎಳೆ ಕಾಣದಷ್ಟು ಒತ್ತಾದ ಮರ ಅದು. ಆದರೆ ಒಣಗುವಾಗ ಸೀಳುತ್ತದೆ. ತುದಿಗಳಿಗೆ ಮೇಣ ಬಳಿದು ಅಡುಗೆಮನೆಯ ಅಟ್ಟದಲ್ಲಿ ಒಂದು ವರ್ಷ ಇಟ್ಟು, ಬೇಕಾದ ಅಳತೆಗಿಂತ ದಪ್ಪವಾಗಿ ಒಮ್ಮೆ ಕಡೆದು, ಮತ್ತೆ ಎರಡು ತಿಂಗಳು ಬಿಟ್ಟು, ಆಮೇಲೆ ಕೊನೆಯ ಕಟ್ ತೆಗೆಯುತ್ತೇನೆ. ಮರಕ್ಕೆ ನೇರವಾಗಿ ಥ್ರೆಡ್ ಹಾಕಿದರೆ ಬಾಳುವುದಿಲ್ಲ. ಹೊರಮೈಗೆ ನರ್ಲಿಂಗ್ (ಹಿಡಿತಕ್ಕಾಗಿ ತರಿತರಿ ಗೆರೆ) ಒತ್ತಿದ, ಒಳಗೆ ಥ್ರೆಡ್ ಇರುವ ಹಿತ್ತಾಳೆಯ ಬುಶ್ ಮಾಡಿ ಅರಾಲ್ಡೈಟ್ ಅಂಟಿನಿಂದ ಒಳಗೆ ಕೂರಿಸುತ್ತೇನೆ. ಒಂದು ಬುಡದಲ್ಲಿ ಹಳೆಯ ಕೊರಕದ ಸುರಂಗ ಕಡೆಯುವಾಗ ಎದುರಾಯಿತು, ಅಂಕುಡೊಂಕಾಗಿ ಪೆನ್ಸಿಲ್‌ನಷ್ಟು ಅಗಲ. ಬಿಸಾಡದೆ, ಹಿತ್ತಾಳೆಯ ಅರದ ಪುಡಿಯನ್ನು ಅರಾಲ್ಡೈಟ್‌ಗೆ ಕಲಸಿ ಅದರಲ್ಲಿ ತುಂಬಿ, ಗಟ್ಟಿಯಾದ ಮೇಲೆ ಕಡೆದಾಗ, ಬಿಳಿಮರದ ಮೇಲೆ ಚಿನ್ನದ ಗೆರೆ ಎಳೆದಂತೆ ಬಂತು.

ಮೆರುಗಿಗೆ ಮೊದಲು ಚನ್ನಪಟ್ಟಣದ ದಾರಿ ಹಿಡಿದೆ. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜುವ ಬಿಸಿಗೆ ಅರಗು ಕರಗಿ ಹರಡುತ್ತದೆ, ಆಮೇಲೆ ತಾಳೆಗರಿಯಿಂದ ತೀಡುತ್ತಾರೆ. ನೋಡಲು ಅದರಷ್ಟು ಚೆಂದ ಬೇರೊಂದಿಲ್ಲ. ಆದರೆ ಬಾಗಿಲಿಲ್ಲದ ನಮ್ಮ ಜೀಪಿನಲ್ಲಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅರಗು ಮಂಜು ಕವಿದಂತೆ ಬೆಳ್ಳಗಾಯಿತು. ಈಗ ಕುದಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಐದಾರು ಸಲ ಹಚ್ಚುತ್ತೇನೆ. ಆ ಎಣ್ಣೆಯ ಬಟ್ಟೆಯನ್ನು ಮುದುಡಿ ಬಿಸಾಡಬಾರದು, ಒಣಗುತ್ತಾ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರವಿ ಒಣಗಿಸುತ್ತೇನೆ. ಲೇತ್ ಮುಂದೆ ಗ್ಲೌಸ್ ಹಾಕುವುದಿಲ್ಲ, ತುಂಬುತೋಳಿನ ಅಂಗಿ ತೊಡುವುದಿಲ್ಲ, ಎಮರಿ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುವುದಿಲ್ಲ, ಚಕ್ ಕೀಯನ್ನು ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯುವುದಿಲ್ಲ. ಶೆಡ್ಡಿಗೆ ಬರುವ ನನ್ನ ತಮ್ಮನ ಮಗನಿಗೂ ಇದೇ ನಿಯಮ.

ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಮಳೆ ಸ್ವಲ್ಪ ಹಿಂಜರಿದಿರುತ್ತದೆ. ಆಗ ಮೇಸ್ತ್ರಿ ಕೊಟ್ಟ ರಾಡನ್ನು ಕಾಗದ ಬಿಡಿಸಿ ಚಕ್ಕಿಗೆ ಕಚ್ಚಿಸುತ್ತೇನೆ. ಮೂರು ತಿಂಗಳು ನೀರು ಕುಡಿದ ನೆಲ ಸ್ವಲ್ಪವಾದರೂ ಅಲುಗಿರುತ್ತದೆ. ಕಳೆದ ವರ್ಷ ಆಚೆಯ ಬಳೆ 0.03 ದಪ್ಪ ಬಂದಿತ್ತು, ಮುಂದಿನ ಕಾಲಿಗೆ ಒಂದು ತೆಳು ತಗಡು ಸೇರಿಸಿದೆ. ಅಟ್ಟದಲ್ಲಿ ಈಗ ಹನ್ನೊಂದು ಕಾಫಿ ಬುಡಗಳಿವೆ. ಅವನ್ನು ನಮ್ಮ ಸುಗ್ಗಿ ಹಬ್ಬವಾದ ಪುತ್ತರಿ ಕಳೆದು, ಗಾಳಿ ಒಣಗಿದ ಮೇಲೆ ಇಳಿಸುತ್ತೇನೆ.