ಕಾಲುವೆ ದೋಣಿಯ ಒಲೆಗೆ ಯಾವ ಇಂಧನ?
ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್ (ಕಿರಿದಾದ ಉದ್ದನೆಯ ದೋಣಿ) ಇಟ್ಟುಕೊಂಡವರು ಚಳಿಗಾಲಕ್ಕೆ ಹೊಗೆರಹಿತ ಬ್ರಿಕೆಟ್ಟನ್ನೇ (ಕಲ್ಲಿದ್ದಲಿನಂಥ ಇಂಧನದ ಪುಡಿ ಒತ್ತಿ ಮಾಡಿದ ಉಂಡೆ) ಮುಖ್ಯ ಇಂಧನ ಮಾಡಿಕೊಳ್ಳಿ. ಮಲಗುವ ಮುಂಚೆ ತುಂಬಿ ಗಾಳಿ ತಗ್ಗಿಸಿದರೆ ಬೆಳಗಿನವರೆಗೂ ಕೆಂಡ ಉಳಿಯುತ್ತದೆ. ಸೌದೆಯಲ್ಲಿ ಅದು ಕಷ್ಟ. ಮನೆಬಳಕೆಯ ಮಾಮೂಲಿ ಕಲ್ಲಿದ್ದಲಿನ ಮಾರಾಟ 2023ರ ಮೇ 1ರಿಂದ ನಿಂತಿದೆ.

ಸೌದೆಯ ತೇವಾಂಶ 20% ಮೀರಬಾರದು. ತೇವಾಂಶದ ಮೀಟರನ್ನು ಆಗತಾನೆ ಸೀಳಿದ ಮುಖಕ್ಕೇ ಚುಚ್ಚಿ, ಹೊರಮೈ ನಂಬಬೇಡಿ. ಹಸಿ ಸೌದೆಯನ್ನು ಬ್ರಿಕೆಟ್ ಜೊತೆ ಉರಿಸಲೇಬೇಡಿ: ಬ್ರಿಕೆಟ್ಟಿನ ಗಂಧಕ ನೀರಾವಿಯೊಂದಿಗೆ ಸೇರಿ ಆಮ್ಲವಾಗಿ ಹೊಗೆಕೊಳವೆಯನ್ನು ತಿನ್ನುತ್ತದೆ. ಪೆಟ್ರೋಲಿಯಂ ಕೋಕ್ (ಕಚ್ಚಾ ತೈಲ ಸಂಸ್ಕರಿಸಿದಾಗ ಉಳಿಯುವ ಘನ ಇಂಗಾಲ) ಹೆಚ್ಚಿರುವ ಬ್ರಿಕೆಟ್ ಚೀಲ ಅಗ್ಗವಾದರೂ ಬೇಡ, ಅದರ ವಿಪರೀತ ಕಾವಿಗೆ ಕೆಂಡದಡಿಯ ಜಾಲರಿ ಬಾಗುತ್ತದೆ. ಬೂದಿತಟ್ಟೆ ತುಂಬಿ ಜಾಲರಿಗೆ ತಾಗಿದರೂ ಇದೇ ಗತಿ.

ತೆಗೆದ ಬೂದಿಯನ್ನು ಕ್ಯಾಬಿನ್ನಿನೊಳಗೆ ಇಡಬೇಡಿ. ಕೆಂಡವಿರುವವರೆಗೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಆ ಅನಿಲದ ಅಲಾರಂ ದೋಣಿ, ಕ್ಯಾರವಾನ್‌ಗಳಂಥವಕ್ಕೆಂದೇ ಇರುವ ಇಎನ್ 50291-2 ಮಾನದಂಡದ್ದಾಗಿರಲಿ.