ಕೊನೇ ಹಾಡಿಗೆ ಮೊದಲೇ ಬಸ್ ಹತ್ತಿದವರು

ಸ್ವರಾತ್ಮ ಅನ್ನುವ ಫೋಕ್-ರಾಕ್ ಸಂಗೀತ ತಂಡದ ಹಾಡು ಕೇಳಲು ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಬರುತ್ತಿದ್ದವರ ನೆನಪುಗಳನ್ನು ನಾನು ಬರೆದಿಟ್ಟಿದ್ದೇನೆ. ಅದರಲ್ಲೂ ಇಂದಿರಾನಗರದ ಹನ್ನೆರಡನೇ ಮೇನ್‌ನಲ್ಲಿ ಮಹಡಿ ಮೇಲಿದ್ದ ದಿ ಹಮ್ಮಿಂಗ್ ಟ್ರೀ ಕ್ಲಬ್ಬಿನ ನೆನಪುಗಳು. 2013ರಲ್ಲಿ ಶುರುವಾದ ಆ ಜಾಗ 2019ರಲ್ಲಿ ಮುಚ್ಚಿತು. ಮುಚ್ಚಿದಾಗ ಬೆಂಗಳೂರಿನವರು ತುಂಬಾ ಬರೆದರು, ಮಾತಾಡಿದರು. ಎಪ್ಪತ್ತು ಕಿಲೋಮೀಟರ್ ದೂರದಿಂದ ಬಸ್ಸಿನಲ್ಲಿ ಹೋಗಿ, ನಿಂತು ಕೇಳಿ, ನಡುರಾತ್ರಿ ವಾಪಸ್ ಬಂದವರ ಕಥೆ ಅದರಲ್ಲಿ ನನಗೆ ಕಾಣಲಿಲ್ಲ. ನಾನೂ ಹಾಗೆ ಹೋಗಿ ಬಂದವನೇ. ನಮ್ಮದೂ ಒಂದು ಲೆಕ್ಕಕ್ಕೆ ಬರಬೇಕು ಅನ್ನಿಸಿತು.

ತಂಡದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಹೋಗುತ್ತಿದ್ದ ಕಾಲದಲ್ಲಿ ಹಾಡುತ್ತಿದ್ದವರು ಮೈಸೂರಿನ ವಾಸು ದೀಕ್ಷಿತ್. ಬೇಸ್ ಗಿಟಾರ್ ಜಿಷ್ಣು ದಾಸ್‌ಗುಪ್ತ, ಡ್ರಮ್ಸ್ ಮಾಂಟ್ರಿ ಮ್ಯಾನುಯೆಲ್, ಪಿಟೀಲು ಸಂಜೀವ್ ನಾಯಕ್, ಗಿಟಾರ್ ವರುಣ್ ಮುರಳಿ. ಮೊದಲ ಆಲ್ಬಮ್ 2009ರಲ್ಲಿ ಬಂತು, ತಂಡದ ಹೆಸರೇ ಅದರ ಹೆಸರು. ಆಮೇಲೆ 2012ರಲ್ಲಿ ಒಂದು, 2018ರಲ್ಲಿ ಇನ್ನೊಂದು. ಜಾಸ್ತಿ ಹಾಡುಗಳು ಹಿಂದಿಯಲ್ಲಿವೆ. ಆದರೆ ಮೊದಲ ಆಲ್ಬಮ್ಮಿನಲ್ಲೇ 'ಈ ಭೂಮಿ' ಅಂತ ಕನ್ನಡ ಹಾಡಿದೆ. ನಾವು ಬಸ್ ಹತ್ತುತ್ತಿದ್ದದ್ದೇ ಅದಕ್ಕೆ. ಸುತ್ತ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುವ ಒಂದು ಕೋಣೆಯಲ್ಲಿ, ಅಷ್ಟು ದೊಡ್ಡ ಸ್ಪೀಕರಿನಿಂದ ನಮ್ಮ ಮಾತು ಬರುತ್ತಿತ್ತು. ಅದು ಎದೆಗೆ ಬಡಿಯುತ್ತಿತ್ತು ಕಣ್ರೀ.

ನೆನಪು ಕೇಳುವುದು ಸುಲಭ ಅನ್ನಿಸುತ್ತದೆ. ಎದುರಿಗೆ ಕೂರಿಸಿಕೊಂಡು "ಹೇಗಿತ್ತು?" ಅಂದರೆ ಯಾರಾದರೂ ಹೇಳುವುದು ಒಂದೇ: "ಸೂಪರ್ ಆಗಿತ್ತು ಮಗಾ." ಅಲ್ಲಿಗೆ ಮುಗಿಯಿತು. "ಎನರ್ಜಿ ಬೇರೇನೇ ಇತ್ತು" ಅಂತ ಇನ್ನೊಂದು ಸಾಲು ಸೇರಬಹುದು. ಹತ್ತು ಜನರ ಹತ್ತಿರ ಇದನ್ನೇ ಕೇಳಿದರೆ ಹತ್ತೂ ಒಂದೇ ಥರ ಇರುತ್ತವೆ.

ಸರಿಯಾದ ಪ್ರಶ್ನೆ ನನಗೆ ಸಿಕ್ಕಿದ್ದು ಅಜ್ಜಿಯಿಂದ. ಅಜ್ಜಿಯದು ಗುಬ್ಬಿ ಹತ್ತಿರದ ಹಳ್ಳಿ. ಚಿಕ್ಕ ಹುಡುಗಿಯಾಗಿದ್ದಾಗ ಗುಬ್ಬಿ ಕಂಪನಿ ನಾಟಕ ನೋಡಿದವರು. ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಸುದ್ದಿ ನಮ್ಮ ಕಡೆ ಇವತ್ತಿಗೂ ಮನೆಮನೆಯ ಮಾತು. "ನಾಟಕ ಹೇಗಿತ್ತಜ್ಜಿ?" ಅಂದರೆ ಅಜ್ಜಿ "ಚೆನ್ನಾಗಿತ್ತಪ್ಪ" ಅಂದು ಸುಮ್ಮನಾಗುತ್ತಿದ್ದರು. ಒಂದು ಸಲ "ಎಲ್ಲಿ ಕೂತಿದ್ದೆ?" ಅಂದೆ. ಶುರುವಾಯಿತು ನೋಡಿ. ಚಾಪೆ ತಂದವರು ಯಾರು, ಮುಂದೆ ಕೂತವರ ಪೇಟ ಎಷ್ಟು ಎತ್ತರ ಇತ್ತು, ತಮ್ಮ ಯಾವಾಗ ನಿದ್ದೆ ಹೋದ, ಬೆಳಗಿನ ಜಾವ ಗಾಡಿಯಲ್ಲಿ ಬರುವಾಗ ಚಳಿ ಎಷ್ಟಿತ್ತು, ಯಾವ ಹಾಡಿಗೆ ಜನ ಒನ್ಸ್ ಮೋರ್ ಕೂಗಿದರು. ಜಾಗ ಕೇಳಿದರೆ ಹಾಡು ತಾನಾಗಿ ಬರುತ್ತದೆ. ಹಾಡನ್ನೇ ಮೊದಲು ಕೇಳಿದರೆ ಏನೂ ಬರುವುದಿಲ್ಲ.

ಹಾಗಾಗಿ ನನ್ನ ಪ್ರಶ್ನೆಗಳೆಲ್ಲ ಕೋಣೆಯ ಬಗ್ಗೆ. ಎಲ್ಲಿ ನಿಂತಿದ್ದೆ? ಪಕ್ಕದಲ್ಲಿ ಯಾರಿದ್ದರು? ಬ್ಯಾಗ್ ಎಲ್ಲಿಟ್ಟೆ? ಒಳಗೆ ಬಿಡುವಾಗ ಕೈ ಮೇಲೆ ಸೀಲು ಹಾಕಿದ್ದು ಮಾರನೇ ದಿನ ಮನೆಯಲ್ಲಿ ಯಾರಾದರೂ ನೋಡಿದರಾ? ಈ ಕೊನೇ ಪ್ರಶ್ನೆಗೆ ಬಂದಷ್ಟು ಉತ್ತರ ಬೇರೆ ಯಾವುದಕ್ಕೂ ಬರಲಿಲ್ಲ. ತುಮಕೂರಿನ ಸಿದ್ಧಗಂಗಾ ಕಾಲೇಜಿನಲ್ಲಿ (ಎಸ್‌ಐಟಿ) ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗ ಬಸ್ಸಿನಲ್ಲೇ ಎಂಜಲು ಹಚ್ಚಿ ಉಜ್ಜಿ ಸೀಲು ತೆಗೆಯುತ್ತಿದ್ದನಂತೆ. ಈಗ ಶಾಲೆಯಲ್ಲಿ ಪಾಠ ಮಾಡುವ ಮೇಡಂ ಒಬ್ಬರು ಅದರ ಮೇಲೆ ಗೋರಂಟಿ ಹಾಕಿಕೊಂಡರಂತೆ. ಅವರು ಅಂದು ಕೇಳಿದ ಹಾಡುಗಳ ಸಾಲು ಅವರಿಗೆ ಸಲೀಸಾಗಿ ಬಂತು. ಸೀಲಿನ ಮಾತು ಬಂದ ಮೇಲೆಯೇ ಬಂದದ್ದು, ಅದಕ್ಕೆ ಮೊದಲು ಒಂದು ಹಾಡೂ ಅವರಿಗೆ ನೆನಪಿರಲಿಲ್ಲ.

ಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಪೆನ್ಸಿಲ್. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಕೊಡುತ್ತಿದ್ದೆ. "ಕೋಣೆ ಬರೆಯಿರಿ. ಮೆಟ್ಟಿಲು ಎಲ್ಲಿ, ಸ್ಟೇಜ್ ಎಲ್ಲಿ, ಕೌಂಟರ್ ಎಲ್ಲಿ, ಸೌಂಡ್ ನೋಡಿಕೊಳ್ಳುವವರು ಎಲ್ಲಿ. ನೀವು ನಿಂತ ಜಾಗಕ್ಕೊಂದು ಚುಕ್ಕಿ ಇಡಿ." ಚೆನ್ನಾಗಿ ಬರೆಯಬೇಕಾಗಿಲ್ಲ. ಬರೆಯುತ್ತಾ ಬರೆಯುತ್ತಾ ಜನ ತಾವಾಗಿಯೇ ಮಾತಾಡುತ್ತಾರೆ, ಆಗ ನಾವು ಬಾಯಿ ಮುಚ್ಚಿಕೊಂಡಿರಬೇಕು. ಆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿದಾಗ ಒಂದು ವಿಷಯ ಎದ್ದು ಕಂಡಿತು. ಸ್ಟೇಜಿನ ಮುಂದೆ ನಿಂತವರೆಲ್ಲ ಕೋಣೆಯನ್ನು ಚಿಕ್ಕದಾಗಿ ಬರೆದಿದ್ದರು. ಬಾಗಿಲ ಹತ್ತಿರ ನಿಂತವರು ದೊಡ್ಡ ಹಾಲ್ ಥರ ಬರೆದಿದ್ದರು. ಹೊರಗಡೆ ತೆರೆದ ಜಾಗದಲ್ಲಿ ಕೂತು ಕೇಳಿದವರ ಹಾಳೆಯಲ್ಲಿ ಸ್ಟೇಜೇ ಇಲ್ಲ, ಒಂದು ಮೂಲೆಯಲ್ಲಿ ಬಾಣದ ಗುರುತು ಮಾತ್ರ. ಯಾವುದು ಸರಿ ಅಂತ ನಾನು ತೀರ್ಮಾನ ಮಾಡಲಿಲ್ಲ. ಎಲ್ಲವನ್ನೂ ಹಾಗೇ ಇಟ್ಟಿದ್ದೇನೆ. ಸಣ್ಣ ಕ್ಲಬ್ಬಿನಲ್ಲಿ ತಂಡ ಎಷ್ಟು ಹತ್ತಿರ ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇಸವಿ ಹಿಡಿಯುವುದು ಕಷ್ಟದ ಕೆಲಸ. "ಎರಡು ಸಾವಿರದ ಹದಿನೈದೋ ಹದಿನಾರೋ" ಅಂತ ಎಲ್ಲರೂ ಹೇಳುತ್ತಾರೆ. ಫೋನ್ ಬದಲಾಗಿರುತ್ತದೆ, ಫೋಟೊ ಹೋಗಿರುತ್ತದೆ. ನಮಗೆ, ಅಂದರೆ ತುಮಕೂರು ರಸ್ತೆಯವರಿಗೆ, ಇದಕ್ಕೊಂದು ಒಳ್ಳೇ ದಾರಿ ಇದೆ: ಮೆಟ್ರೊ. ಇಂದಿರಾನಗರದಲ್ಲಿ ಮೆಟ್ರೊ 2011ರ ಅಕ್ಟೋಬರಿನಿಂದಲೇ ಇತ್ತು, ಆದರೆ ಅದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಮಾತ್ರ. ಮೆಜೆಸ್ಟಿಕ್‌ವರೆಗೆ ಬಂದದ್ದು 2016ರ ಏಪ್ರಿಲ್ ಕೊನೆಗೆ. ನಮ್ಮ ಕಡೆಯ ಹಸಿರು ಲೈನ್ 2014ರ ಮಾರ್ಚಿನಲ್ಲಿ ಪೀಣ್ಯದವರೆಗೆ, 2015ರ ಮೇನಲ್ಲಿ ನಾಗಸಂದ್ರದವರೆಗೆ ಬಂತು. ಆದರೂ ಅದು ಮೆಜೆಸ್ಟಿಕ್ ಮುಟ್ಟಿ ಇಂದಿರಾನಗರದ ನೇರಳೆ ಲೈನಿಗೆ ಕೂಡಿಕೊಂಡದ್ದು 2017ರ ಜೂನ್‌ನಲ್ಲಿ. ಈಗ ಕೇಳಿ ನೋಡಿ: "ವಾಪಸ್ ಹೇಗೆ ಬಂದೆ?" ಎಂ.ಜಿ. ರಸ್ತೆಯಲ್ಲಿ ಇಳಿದು ಸಿಟಿ ಬಸ್ಸಿಗೆ ಕಾದೆ ಅಂದರೆ 2016ರ ಏಪ್ರಿಲ್ ಕೊನೆಗಿಂತ ಹಿಂದಿನದು. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಇಳಿದು ಮೇಲೆ ಬಂದು ಕೆಎಸ್‌ಆರ್‌ಟಿಸಿ ಹತ್ತಿದೆ ಅಂದರೆ ಬಹುಶಃ ನಡುವಿನ ಒಂದು ವರ್ಷದ್ದು. ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸಿ ನಾಗಸಂದ್ರದಲ್ಲಿ ಇಳಿದು ರಸ್ತೆ ಬದಿ ಕೈ ತೋರಿಸಿದೆ ಅಂದರೆ 2017ರ ಜೂನ್ ಆದ ಮೇಲಿನದು. ಇಸವಿ ಮರೆತವರೂ ಬಸ್ ಹತ್ತಿದ ಜಾಗ ಮರೆಯುವುದಿಲ್ಲ.

ಇನ್ನೊಂದು ಗುರುತೂ ಸಿಕ್ಕಿತು. ಮನರಂಜನೆ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕು ಅನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಬೆಂಗಳೂರಿನ ಸುಮಾರು ಕಡೆ ಲೈವ್ ಸಂಗೀತ ನಿಂತುಹೋಗಿತ್ತು. "ಹೋಗೋಣ ಅಂದುಕೊಂಡಾಗ ಎಲ್ಲೂ ಏನೂ ಇರಲಿಲ್ಲ" ಅಂತ ಯಾರಾದರೂ ಅಂದರೆ ಆ ಕಾಲದ ಮಾತು ಅಂತ ಬರೆದುಕೊಂಡೆ.

ಜಗಳವೂ ಆಯಿತು, ಕುದುರೆ ವಿಷಯಕ್ಕೆ. ವಾಸು ದೀಕ್ಷಿತ್ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಕುಣಿಯುವುದು ಸ್ವರಾತ್ಮ ನೋಡಿದವರಿಗೆ ಗೊತ್ತು. ನಮ್ಮವರಲ್ಲಿ ಇಬ್ಬರು ಆ ಕ್ಲಬ್ಬಿನಲ್ಲೇ ಕುದುರೆ ನೋಡಿದ್ದೇವೆ, ಜನರ ನಡುವೆ ಬಂತು ಅಂತ ಹಟ ಹಿಡಿದರು. ಮತ್ತೊಬ್ಬ, ಅದೇ ದಿನ ಜೊತೆಗೆ ಹೋದವನು, "ಅಷ್ಟು ಇಕ್ಕಟ್ಟಲ್ಲಿ ಕುದುರೆ ಎಲ್ಲಿ ಹಿಡಿಸುತ್ತೋ? ಅದು ನಾವು ಬಯಲಲ್ಲಿ ನೋಡಿದ್ದು" ಅಂದ. ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಕಾಫಿ ಆರಿಹೋಗುವವರೆಗೆ ವಾದ ನಡೆಯಿತು. ನಾನು ಮೂರೂ ಮಾತನ್ನು ಬರೆದೆ, ಯಾರು ಹೇಳಿದ್ದು ಯಾವುದು ಅಂತ ಗುರುತು ಹಾಕಿದೆ. ಎರಡು ಬೇರೆ ಬೇರೆ ಸಂಜೆಗಳು ಒಂದಾಗಿರಬಹುದು. ಇಷ್ಟಪಟ್ಟ ತಂಡದ ವಿಷಯದಲ್ಲಿ ಇದು ಸಾಮಾನ್ಯ. ಎಲ್ಲಿ ನೋಡಿದ್ದರೂ ಒಳ್ಳೆಯದನ್ನೆಲ್ಲ ತಂದು ಮನಸ್ಸಿಗೆ ಹತ್ತಿರವಾದ ಕೋಣೆಯಲ್ಲೇ ಇಡುತ್ತೇವೆ. ಹಾಗಂತ ಅದನ್ನು ಸುಳ್ಳು ಅಂತ ಅಳಿಸಬಾರದು. ಅಳಿಸಿದರೆ ಅವರಿಗೆ ಆ ಕೋಣೆ ಎಷ್ಟು ಬೇಕಾಗಿತ್ತು ಅನ್ನುವುದೂ ಹೋಗುತ್ತದೆ.

ರೆಕಾರ್ಡ್ ಮಾಡುವವರಿಗೆ ಒಂದಿಷ್ಟು ಹೇಳುತ್ತೇನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಮಾತಾಡೋದು ಖುಷಿಯೇ, ಆದರೆ ತಟ್ಟೆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಬೆಳಿಗ್ಗೆ ಅಮಾನಿಕೆರೆ ದಡದಲ್ಲಿ ನಡೆಯುತ್ತಾ ಮಾತಾಡಿದರೆ ಚೆನ್ನ. ಇಯರ್‌ಫೋನಿನ ಮೈಕನ್ನು ಅವರ ಕಾಲರಿಗೆ ಸಿಕ್ಕಿಸಿದರೆ ಸಾಕು, ಬೇರೆ ಸಾಮಾನು ಬೇಡ. ದೂರದಲ್ಲಿರುವವರು ವಾಟ್ಸ್ಆ್ಯಪ್‌ನಲ್ಲಿ ಮಾತು ಕಳಿಸಿದರು, ಅದೂ ಆಯಿತು. ಬರೆದುಕೊಳ್ಳುವುದು ಅದೇ ರಾತ್ರಿ. ಅವರು ಆಡಿದ ಹಾಗೇ ಬರೆಯಬೇಕು, ತಿದ್ದಿ ಪುಸ್ತಕದ ಭಾಷೆ ಮಾಡಿದರೆ ಮನುಷ್ಯ ಮಾಯ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಅಂದದ್ದನ್ನು ಮರುಮಾತಿಲ್ಲದೆ ತೆಗೆಯಬೇಕು. ಕೆಲವರ ಮನೆಯಲ್ಲಿ ಇವತ್ತಿಗೂ ಅವರು ಆ ದಿನ "ಕಂಬೈನ್ಡ್ ಸ್ಟಡಿ"ಗೆ ಹೋಗಿದ್ದರು ಅಂತಲೇ ಲೆಕ್ಕ. ಅದು ಹಾಗೇ ಇರಲಿ.

ಆಲ್ಬಮ್ ಮಾತ್ರ ಕೊನೆಗೆ ಹಾಕಬೇಕು. ಮೊದಲೇ ಹಾಡು ಕೇಳಿಸಿದರೆ ಜನ ಸ್ಟುಡಿಯೋದಲ್ಲಿ ಆದ ಹಾಡಿನ ಬಗ್ಗೆಯೇ ಮಾತಾಡುತ್ತಾರೆ. ಮಾತೆಲ್ಲ ಮುಗಿದ ಮೇಲೆ ಹಾಕಿ. ಆಗ "ಅಲ್ಲಿ ಇದು ಇಷ್ಟು ನಿಧಾನ ಇರಲಿಲ್ಲ", "ಇಲ್ಲಿ ಪಿಟೀಲು ಇನ್ನೂ ಉದ್ದ ಎಳೆದರು" ಅಂತ ಹೊಸ ವಿಷಯಗಳು ಬರುತ್ತವೆ. ತಬಲ ಕಲಿತ ಒಬ್ಬ ಅಣ್ಣ ಮಾಂಟ್ರಿಯ ಕೈಚಳಕವನ್ನು ಟೀಪಾಯಿ ಮೇಲೆ ಬಾರಿಸಿಯೇ ತೋರಿಸಿದರು. ಅದನ್ನು ಅಕ್ಷರದಲ್ಲಿ ಬರೆಯಲು ಆಗುವುದಿಲ್ಲ, ಆಡಿಯೊವನ್ನೇ ಇಟ್ಟಿದ್ದೇನೆ.

ಇದೆಲ್ಲ ಒಂದು ಕಡೆ ಸೇರಿದ ಮೇಲೆ ನನಗೆ ಕಂಡ ದೊಡ್ಡ ಸಂಗತಿ ಬೇರೆ. ನಮ್ಮವರಲ್ಲಿ ಹೆಚ್ಚುಕಮ್ಮಿ ಯಾರೂ ಕೊನೇ ಹಾಡು ಕೇಳಿಲ್ಲ. ಕಾರ್ಯಕ್ರಮ ಶುರುವಾಗುವುದೇ ಒಂಬತ್ತರ ಮೇಲೆ. ಹತ್ತೂವರೆಗೆ ಗಡಿಯಾರ ನೋಡಲು ಶುರು. ಮೆಟ್ರೊ ಮೆಜೆಸ್ಟಿಕ್ ಮುಟ್ಟದ ಕಾಲದಲ್ಲಿ ಆಟೊ ಹಿಡಿದು ಅಲ್ಲಿಗೋ ಗೊರಗುಂಟೆಪಾಳ್ಯಕ್ಕೋ ಓಡಬೇಕು. ತುಮಕೂರು ಬಸ್ ತಪ್ಪಿದರೆ ಹುಬ್ಬಳ್ಳಿ ಕಡೆಯ ರಾತ್ರಿ ಬಸ್ಸಿನ ಕಂಡಕ್ಟರನ್ನು ಬೇಡಿಕೊಳ್ಳಬೇಕು. ಅವರು ಊರೊಳಗೆ ಬರುವುದಿಲ್ಲ, ಕ್ಯಾತ್ಸಂದ್ರದಲ್ಲಿ ಇಳಿಸಿ ಹೋಗುತ್ತಾರೆ. ಹೀಗಾಗಿ ಜನ ಒನ್ಸ್ ಮೋರ್ ಕೂಗುವ ಹೊತ್ತಿಗೆ ನಮ್ಮವರು ಮೆಟ್ಟಿಲು ಇಳಿಯುತ್ತಿದ್ದರು. ಬೆಂಗಳೂರಿನವರು ಬರೆದದ್ದರಲ್ಲೆಲ್ಲ ಕೊನೇ ಅರ್ಧ ಗಂಟೆಯದೇ ದೊಡ್ಡ ವರ್ಣನೆ. ನಮ್ಮ ಹಾಳೆಗಳಲ್ಲಿ ಅದು ಇಲ್ಲವೇ ಇಲ್ಲ. ಅದರ ಬದಲು ಸೌಂಡ್ ಚೆಕ್ ಇದೆ. ಯಾಕೆಂದರೆ ಬಸ್ಸನ್ನು ನಂಬಲಾಗದೆ ಮಧ್ಯಾಹ್ನವೇ ಹೊರಟು ಎಲ್ಲರಿಗಿಂತ ಮೊದಲು ತಲುಪುತ್ತಿದ್ದವರು ನಾವು. ಬೀದಿಯಲ್ಲಿ ನಿಂತು, ಮೇಲಿನಿಂದ ಡ್ರಮ್ಮನ್ನು ಒಂದೊಂದಾಗಿ ಹೊಡೆದು ನೋಡುವ ಸದ್ದು, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವ ಸದ್ದು ಕೇಳಿದವರು ನಮ್ಮಲ್ಲಿ ತುಂಬಾ ಜನ. ಆ ಭಾಗ ಟಿಕೆಟ್ ತೆಗೆದು ಹೊತ್ತಿಗೆ ಸರಿಯಾಗಿ ಬಂದವರ ಹತ್ತಿರ ಇರಲು ಸಾಧ್ಯವಿಲ್ಲ. ನಾನು ಪುಸ್ತಕದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟೆ.

ಪುಸ್ತಕ ಅಂದರೆ ದೊಡ್ಡದೇನಲ್ಲ. ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಜೆರಾಕ್ಸ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಹಾಕಿಸಿದ್ದು. ಹೆಸರು ಬೇಡ ಅಂದವರಿಗೆ ಅವರು ನಿಂತ ಜಾಗವೇ ಹೆಸರು: 'ಬಾಗಿಲ ಹತ್ತಿರದವರು', 'ಎಡಗಡೆ ಸ್ಪೀಕರ್ ಪಕ್ಕದವನು'. ಮಾತಾಡಿದ ಪ್ರತಿಯೊಬ್ಬರಿಗೂ ಒಂದು ಪ್ರತಿ ಕೊಟ್ಟೆ. ಆಡಿಯೊ ಎರಡು ಪೆನ್‌ಡ್ರೈವಿನಲ್ಲಿದೆ, ಒಂದು ನನ್ನಲ್ಲಿ, ಇನ್ನೊಂದು ಮೇಡಂ ಮನೆಯಲ್ಲಿ.

ಕೋಲಾರದ ಕಡೆಯವರೂ ಇದನ್ನು ಮಾಡಬೇಕು ಅನ್ನುವುದು ನನ್ನ ಆಸೆ. ಕೆಜಿಎಫ್‌ನಲ್ಲಿ ಗಿಟಾರ್ ಹಿಡಿದ ಮನೆಗಳು ನಮಗಿಂತ ಎಷ್ಟೋ ಮೊದಲಿನಿಂದ ಇವೆ. ಮಾರಿಕುಪ್ಪಂ ರೈಲು ಹಿಡಿಯಲು ಬೆಂಗಳೂರಿನ ಕಾರ್ಯಕ್ರಮಗಳಿಂದ ಅರ್ಧಕ್ಕೆ ಎದ್ದು ಬಂದವರು ಅಲ್ಲೂ ಇರುತ್ತಾರೆ. ಕೇಳಲು ಹೊರಟವರು ಮೊದಲು ಆಯಾ ಕಾಲದ ರೈಲಿನ ಟೈಮ್ ಟೇಬಲ್ ಹುಡುಕಿಟ್ಟುಕೊಳ್ಳಿ.