ಆಂಕಾಲಜಿ ಒಪಿಡಿಯೊಳಗೆ ಜೆನೆಟಿಕ್ ಕೌನ್ಸೆಲರ್: ನನ್ನ ಅನುಭವ

ಮೂರನೆಯ ಮಹಡಿಯ ಪ್ರತ್ಯೇಕ ಕೊಠಡಿ ಬಿಟ್ಟು ಕ್ಯಾನ್ಸರ್ ಒಪಿಡಿಯೊಳಗೇ (ಹೊರರೋಗಿ ವಿಭಾಗ) ಕುಳಿತ ಮೇಲೆ ನನ್ನ ಕೆಲಸ ಕೆಲಸವೆನ್ನಿಸಿಕೊಂಡಿತು. ರೋಗ ವಂಶದಲ್ಲಿ ಹರಿದುಬಂದದ್ದೇ, ಜೀನ್ ಪರೀಕ್ಷೆ ಬೇಕೇ ಎಂದು ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವುದು ಜೆನೆಟಿಕ್ ಕೌನ್ಸೆಲರ್ ಆದ ನನ್ನ ಕಸುಬು. ಇದು ಆಗಹೋಗದ ಮಾತು ಎಂದವರು ಬಹಳ ಜನ. ಅವರಲ್ಲಿ ಇಬ್ಬರು ಈಗ ತಮ್ಮ ವಿಭಾಗಕ್ಕೂ ಒಬ್ಬ ಕೌನ್ಸೆಲರ್ ಬೇಕೆಂದು ಅರ್ಜಿ ಹಾಕಿದ್ದಾರೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಬಿಆರ್‌ಸಿಎ (ದೋಷವಿದ್ದರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನುಗಳು) ಎಂದರೇನು, ವಂಶವೃಕ್ಷ ಬರೆಯುವುದು ಹೇಗೆ ಎಂಬುದೆಲ್ಲ ಇದೇ ಕಸುಬಿನಲ್ಲಿರುವ ನಿಮಗೆ ಗೊತ್ತಿರುವುದೇ.

ನಮ್ಮದು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆ. ರೋಗಿಗಳು ಗದಗ, ಕೊಪ್ಪಳ, ಹಾವೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸು ಹಿಡಿಯುವವರು. ಮೊದಲು ವೈದ್ಯರು ಚೀಟಿ ಬರೆದು ನನ್ನಲ್ಲಿಗೆ ಕಳಿಸುತ್ತಿದ್ದರು. ಹತ್ತು ಚೀಟಿಗೆ ಮೂರು ಜನ ಬಂದರೆ ಅದೇ ದೊಡ್ಡದು. ಬಂದವರಿಗೆ 500 ರೂಪಾಯಿ ಶುಲ್ಕ. ಗುಳಿಗೆ ಇಲ್ಲ, ಸೂಜಿ ಇಲ್ಲ, ಬರೀ ಮಾತಿಗೆ ದುಡ್ಡು ಯಾಕೆ ಎಂದು ಅವರು ಕೇಳಿದರೆ ತಪ್ಪೇನೂ ಇರಲಿಲ್ಲ. ನನ್ನ ಸಂಬಳ ತಿಂಗಳಿಗೆ 45 ಸಾವಿರದ ಆಸುಪಾಸು, ನನ್ನಿಂದ ಆಗುತ್ತಿದ್ದ ಆದಾಯ ಎಂಟೊಂಬತ್ತು ಸಾವಿರ. ಲೆಕ್ಕಪತ್ರ ವಿಭಾಗದವರ ಮುಖ ಹೇಗಿರುತ್ತಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ಮಾದರಿಯನ್ನು ತಂದೆವು. ಅಲ್ಲಿ ಅಂಡಾಶಯದ ಕ್ಯಾನ್ಸರ್ ಇರುವವರಿಗೆ ತರಬೇತಿ ಪಡೆದ ಕ್ಯಾನ್ಸರ್ ವೈದ್ಯರ ತಂಡವೇ ವಿವರಿಸಿ, ಒಪ್ಪಿಗೆ ಪಡೆದು, ಜೀನ್ ಪರೀಕ್ಷೆಗೆ ರಕ್ತ ಕಳಿಸುತ್ತದೆ. ದೋಷ ಕಂಡವರು ಮಾತ್ರ ಜೆನೆಟಿಕ್ಸ್ ವಿಭಾಗಕ್ಕೆ ಹೋಗುತ್ತಾರೆ. ಅಲ್ಲಿಗೆ ಅದು ಒಳ್ಳೆಯ ವ್ಯವಸ್ಥೆಯೇ. ನಮ್ಮಲ್ಲಿ ಬೆಳಗಿನ ಒಪಿಡಿಗೆ ಐವತ್ತು ಅರವತ್ತು ಜನ, ತಲೆಗೆ ನಾಲ್ಕು ನಿಮಿಷ. ಒಪ್ಪಿಗೆ ಪತ್ರ ದಾಖಲಾತಿಯ ಕಾಗದಗಳ ನಡುವೆ ಸೇರಿ, ಅವುಗಳ ಜೊತೆಗೇ ಹೆಬ್ಬೆಟ್ಟು ಒತ್ತಿಸಿಕೊಂಡು ಬರತೊಡಗಿತು. ಇಪ್ಪತ್ತು ಸಾವಿರದಷ್ಟು ಕೊಟ್ಟು ಮಾಡಿಸಿದ ಪರೀಕ್ಷೆ ಯಾವುದರದ್ದು ಎಂದು ರೋಗಿಗೇ ತಿಳಿದಿರುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಅದನ್ನು ಕೈಬಿಟ್ಟೆವು.

ಕೊನೆಗೆ ಕೈಹಿಡಿದದ್ದು ಜಾಗ ಮತ್ತು ಹೊತ್ತು. ವೈದ್ಯರ ಕೊಠಡಿಗೂ ಬಿಲ್ಲಿಂಗ್ ಕೌಂಟರಿಗೂ ನಡುವೆ ಒಂದು ಮೇಜು ಹಾಕಿಸಿಕೊಂಡೆ. ಬಿಲ್ ಕಟ್ಟಿದ ಮನುಷ್ಯ ಹಿಂದಿರುಗಿ ನೋಡುವುದಿಲ್ಲ, ಆದ್ದರಿಂದ ಕೌಂಟರ್ ದಾಟಿ ಕುಳಿತರೆ ಪ್ರಯೋಜನವಿಲ್ಲ. ಒಪಿಡಿಯಲ್ಲಿ ಹತ್ತು ನಿಮಿಷ, ಅಷ್ಟೇ: ನಾನು ಯಾರು, ಯಾಕೆ ಮತ್ತೆ ಭೇಟಿಯಾಗುತ್ತೇನೆ ಎಂಬುದು. ರೋಗ ಗೊತ್ತಾದ ದಿನ ವಂಶದ ಸುದ್ದಿ ಎತ್ತುವುದೇ ಇಲ್ಲ. ಅದಕ್ಕೆ ಕೀಮೋ ಡೇ ಕೇರ್ ಇದೆ. ಡ್ರಿಪ್ ಹಾಕಿಕೊಂಡು ಮೂರು ನಾಲ್ಕು ತಾಸು ಕೂರಬೇಕು, ಪಕ್ಕದಲ್ಲಿ ಮನೆಯ ಹಿರಿಯ ಹೆಂಗಸೊಬ್ಬರು ಇದ್ದೇ ಇರುತ್ತಾರೆ. ವಂಶವೃಕ್ಷ ಅಲ್ಲಿ ಬರೆಯುತ್ತೇನೆ. ಫಲಿತಾಂಶ ಮಾತ್ರ ಬಾಗಿಲು ಮುಚ್ಚಿದ ಕೊಠಡಿಯಲ್ಲಿ, ಪರದೆಯ ಪಕ್ಕದಲ್ಲಿ ಎಂದೂ ಇಲ್ಲ.

ನಮ್ಮ ಕಡೆ ಅಕ್ಕನ ಮಗಳನ್ನು ಮದುವೆಯಾಗುವುದು ಇಂದಿಗೂ ಉಂಟು. ರಕ್ತಸಂಬಂಧದ ಮದುವೆಗಳ ಪ್ರಮಾಣದಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ. ಹೀಗಿರುವಾಗ 'ತಂದೆಯ ಕಡೆ', 'ತಾಯಿಯ ಕಡೆ' ಎಂದು ಎರಡು ಅಂಕಣ ಮಾಡಿದ ಅಚ್ಚಿನ ನಮೂನೆ ಏನು ಕೆಲಸಕ್ಕೆ ಬರುತ್ತದೆ? ಒಮ್ಮೆ ಅಂಡಾಶಯದ ಕ್ಯಾನ್ಸರಿನ ಒಬ್ಬರು ಬಂದಿದ್ದರು. ಮನೆಯಲ್ಲಿ ಯಾರಿಗೂ ಇರಲಿಲ್ಲ ಎಂದು ಕಡತದಲ್ಲಿ ಬರೆದಿತ್ತು. ಪಕ್ಕದಲ್ಲಿ ಅತ್ತೆ. ರೋಗಿ ಸೋದರಮಾವನನ್ನೇ ಮದುವೆಯಾದವರಾದ್ದರಿಂದ ಆ ಅತ್ತೆಯೇ ತಾಯಿಯ ತಾಯಿ. "ಅಜ್ಜಿ, ನಿಮ್ಮ ಅಕ್ಕತಂಗಿಯರು ಎಷ್ಟು ಜನ?" ಎಂದೆ. "ನಾಲ್ವರಿದ್ದೆವು ಅವ್ವಾ, ಸಣ್ಣವಳು ಹೊಟ್ಟೆಯಲ್ಲಿ ನೀರು ತುಂಬಿ ಹೋದಳು. ನಲವತ್ತೂ ಆಗಿರಲಿಲ್ಲ" ಎಂದರು. ವೈದ್ಯರು ಕೇಳಿದ್ದು 'ಕ್ಯಾನ್ಸರ್ ಇತ್ತೇ' ಎಂದು, ಅಜ್ಜಿಯ ನೆನಪಿನಲ್ಲಿದ್ದದ್ದು ನೀರು ತುಂಬಿದ ಹೊಟ್ಟೆ; ಅದು ಅಂಡಾಶಯದ ಕ್ಯಾನ್ಸರಿನ ಗುರುತೂ ಆಗಿರಬಹುದು. ಪರೀಕ್ಷೆಯಲ್ಲಿ ರೋಗಿಗೆ ಬಿಆರ್‌ಸಿಎ2 ದೋಷ ಸಿಕ್ಕಿತು. ಇಂಥ ಮನೆಯಲ್ಲಿ ಗಂಡನನ್ನೂ ಪರೀಕ್ಷಿಸಲೇಬೇಕು, ಅವನೂ ಅದೇ ಅಜ್ಜಿಯ ಮಗ. ಇಬ್ಬರಲ್ಲೂ ಇದ್ದರೆ ಮಕ್ಕಳಿಗೆ ಫ್ಯಾಂಕೋನಿ ಅನೀಮಿಯಾದ (ಅಸ್ಥಿಮಜ್ಜೆ ಸೋಲುವ ಅಪರೂಪದ ರೋಗ) ಅಪಾಯವಿದೆ. ಗಂಡನನ್ನು ಹೊರಗಿನವನೆಂದು ಬಿಟ್ಟುಬಿಡುವ ನಮೂನೆಗಳಲ್ಲಿ ಇದು ಹೊಳೆಯುವುದೇ ಇಲ್ಲ. ನನ್ನ ನಮೂನೆಯನ್ನು ನಾನೇ ಬರೆದುಕೊಂಡೆ. ಮುಚ್ಚಿಟ್ಟ ಸಂಗತಿಗಳನ್ನು ಗಂಡಸರ ಬಾಯಿಂದ ಹೊರಡಿಸುವ ಒಂದು ಪ್ರಶ್ನೆಯೂ ಅದರಲ್ಲಿದೆ. ಅದನ್ನು ಇಲ್ಲಿ ಹೇಳುವುದಿಲ್ಲ, ಎದುರಿಗೆ ಬಂದು ಕೇಳಿದವರಿಗೆ ಕೊಟ್ಟಿದ್ದೇನೆ.

ಇನ್ನು ದುಡ್ಡು. ಒಂದು ಪ್ರಯೋಗಾಲಯದವರು ತಮ್ಮದೇ ಕೌನ್ಸೆಲರ್ ಒಬ್ಬರನ್ನು ಬಿಟ್ಟಿಯಾಗಿ ಕೂರಿಸುತ್ತೇವೆ ಎಂದು ಬಂದರು. ಆಡಳಿತದವರಿಗೆ ಬಾಯಲ್ಲಿ ನೀರೂರಿತು. ಪರೀಕ್ಷೆ ಮಾರುವವರ ಕಡೆಯವರು 'ಪರೀಕ್ಷೆ ಬೇಡ' ಎಂದು ಹೇಳುವುದು ಎಂದಿಗೆ? ನಾನು ಒಂದು ಪುಸ್ತಕ ಇಟ್ಟೆ. ಬೇಡವೆಂದು ತಡೆದ ಪರೀಕ್ಷೆ, ಹಲವು ಜೀನುಗಳನ್ನು ಒಟ್ಟಿಗೆ ಓದುವ ದೊಡ್ಡ ಪ್ಯಾನೆಲ್ ಬದಲು ಕುಟುಂಬದಲ್ಲಿ ಸಿಕ್ಕ ಒಂದೇ ದೋಷವನ್ನು ಹುಡುಕಿಸಿದ್ದು (ಮೂರು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ), ಓಲಾಪರಿಬ್ ಎಂಬ ಕ್ಯಾನ್ಸರ್ ಔಷಧಿ ಕೊಡುವ ನಿರ್ಧಾರಕ್ಕೆ ಫಲಿತಾಂಶ ಹೊತ್ತಿಗೆ ಸರಿಯಾಗಿ ಸಿಕ್ಕಿದ್ದು, ತಪಾಸಣೆಗೆಂದು ನಮ್ಮಲ್ಲಿಗೇ ಬರತೊಡಗಿದ ಅಕ್ಕತಂಗಿಯರು. ವರ್ಷದ ಕೊನೆಗೆ ಅದನ್ನು ಮೇಜಿನ ಮೇಲಿಟ್ಟಾಗ ಬಿಟ್ಟಿಯ ಮಾತು ನಿಂತಿತು. ನನ್ನ ಪ್ರತ್ಯೇಕ ಶುಲ್ಕ ತೆಗೆದು, ಆಂಕಾಲಜಿಯ ಹೊಸ ರೋಗಿಗಳ ನೋಂದಣಿಗೇ ನೂರೈವತ್ತರಷ್ಟು ಸೇರಿಸಿದರು. ಪರೀಕ್ಷೆ ಮಾಡಿಸಿದರೂ ಬಿಟ್ಟರೂ ನನ್ನ ಸಂಬಳ ಒಂದೇ. ಈ ಒಂದು ಷರತ್ತನ್ನು ಯಾರೂ ಬಿಟ್ಟುಕೊಡಬೇಡಿ. ಈಗ ಹತ್ತರಲ್ಲಿ ಎಂಟು ಜನರನ್ನಾದರೂ ನೋಡುತ್ತೇನೆ.

ಅರ್ಥ ನಿಶ್ಚಯವಾಗದ ರೂಪಾಂತರದ (ಜೀನಿನ ಬದಲಾವಣೆ ರೋಗ ತರುವಂಥದೋ ಅಲ್ಲವೋ ತಿಳಿಯದ) ವರದಿ ಬಂದರೆ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ 'ಇದರ ಆಧಾರದ ಮೇಲೆ ಶಸ್ತ್ರಚಿಕಿತ್ಸೆ ಬೇಡ' ಎಂದು ಬರೆದು ಸಹಿ ಹಾಕುತ್ತೇನೆ. ಬೇರೆಡೆ ಅಂಥದೇ ವರದಿ ಹಿಡಿದು ಅಂಡಾಶಯ ತೆಗೆಸಿಕೊಂಡು ಬಂದವರನ್ನು ನೋಡಿದ್ದೇನೆ.

ನಡುವೆ ಮೂತ್ರಪಿಂಡದ ವಿಭಾಗವಾದ ನೆಫ್ರಾಲಜಿಯಲ್ಲೂ ವಾರಕ್ಕೆ ಅರ್ಧ ದಿನ ಕುಳಿತೆ. ಪಾಲಿಸಿಸ್ಟಿಕ್ ಮೂತ್ರಪಿಂಡದ (ನೀರುಗುಳ್ಳೆ ತುಂಬುವ, ವಂಶದಲ್ಲಿ ಹರಿಯುವ ರೋಗ) ಅಣ್ಣನಿಗೆ ಇಪ್ಪತ್ತೆರಡರ ತಮ್ಮ ಕಿಡ್ನಿ ಕೊಡಲು ಸಿದ್ಧನಿದ್ದ, ಸ್ಕ್ಯಾನ್ ಸ್ವಚ್ಛವಾಗಿತ್ತು. ಆ ವಯಸ್ಸಿನಲ್ಲಿ ಅಲ್ಟ್ರಾಸೌಂಡ್ ಒಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮೊದಲು ಅಣ್ಣನ ರಕ್ತ ಕಳಿಸಿ ಎಂದೆ, ಅವರು ಯಾವುದೋ ಎಕ್ಸೋಮ್ (ಸಾವಿರಾರು ಜೀನುಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಮಾಡಿಸಿ ಇಪ್ಪತ್ತೈದು ಸಾವಿರ ನೀರಿನಲ್ಲಿ ಹಾಕಿದರು. ಈ ರೋಗಕ್ಕೆ ಕಾರಣವಾಗುವ ಪಿಕೆಡಿ1 ಜೀನಿಗೆ ಅದರಂತೆಯೇ ಕಾಣುವ ಆರು ನಕಲಿಗಳಿವೆ, ಅದನ್ನೇ ಬಿಡಿಸಿ ಓದುವ ವಿಧಾನ ಬೇಕು. ಎರಡನೆಯ ಸಲ ದೋಷ ಸಿಕ್ಕಿತು. ತಮ್ಮನಲ್ಲೂ ಇತ್ತು, ದಾನ ನಿಂತಿತು. ಆ ದಿನದಿಂದ ಅಲ್ಲಿನ ಹಿರಿಯ ವೈದ್ಯರು ನನ್ನನ್ನು ಕೇಳದೆ ದಾನಿಯ ಕಡತ ಮುಚ್ಚುವುದಿಲ್ಲ.

ಮಕ್ಕಳ ನರರೋಗ ವಿಭಾಗದಲ್ಲಿ ಮಾತ್ರ ಬೇರು ಬಿಡಲಿಲ್ಲ. ಡುಶೆನ್ (ಸ್ನಾಯು ಕ್ಷೀಣಿಸುವ, ವಂಶದಲ್ಲಿ ಹರಿಯುವ ರೋಗ) ಇರುವ ಮಗುವಿನ ತಾಯಿಯನ್ನು ನಾನು ಮಾತನಾಡಿಸುವ ಹೊತ್ತಿಗೆ ಫಿಸಿಯೋಥೆರಪಿಯ ಸರದಿ ಬಂದಿರುತ್ತದೆ. ಎತ್ತಿಕೊಂಡ ಮಗು ಅಳುತ್ತಿರುತ್ತದೆ, 'ದೋಷ ಇವಳಿಂದ ಬಂತೇ' ಎಂದು ಕೇಳಲು ಗಂಡನ ಮನೆಯವರು ಕಾದು ನಿಂತಿರುತ್ತಾರೆ. ಅಲ್ಲಿಗೆ ಬೇರೆಯೇ ದಾರಿ ಬೇಕು, ಇನ್ನೂ ಹುಡುಕುತ್ತಿದ್ದೇನೆ. ಗರ್ಭಿಣಿಯರ ಒಪಿಡಿಗೆ ಹೋಗುವ ಮುನ್ನ ಪಿಸಿಪಿಎನ್‌ಡಿಟಿ (ಭ್ರೂಣದ ಲಿಂಗಪತ್ತೆ ತಡೆಯುವ ಕಾಯ್ದೆ) ನೋಂದಣಿ ಮಾಡಿಸಿಕೊಳ್ಳಿ. ಯಂತ್ರ ಮುಟ್ಟದೆ ಸಲಹೆಯಷ್ಟೇ ಕೊಡುವ ಕೇಂದ್ರಕ್ಕೂ ಆ ಕಾಯ್ದೆ ಅನ್ವಯಿಸುತ್ತದೆ.

ಈಗ ಕಾರ್ಡಿಯಾಲಜಿಯವರು ಕರೆಯುತ್ತಿದ್ದಾರೆ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನ 25 ಡಿಎನ್‌ಎ ಅಕ್ಷರಗಳ ಲೋಪ ದಕ್ಷಿಣ ಏಷ್ಯಾದವರಲ್ಲಿ ನೂರಕ್ಕೆ ನಾಲ್ವರಷ್ಟು ಜನರಲ್ಲಿದೆ, ಬಂದವರಿಗೆಲ್ಲ ಹುಡುಕಿಸೋಣ ಎನ್ನುತ್ತಾರೆ. ಎಲ್ಲರಿಗೂ ಹುಡುಕಿಸುವುದಿಲ್ಲ, ಸಂಬಳದಲ್ಲಿ ಅವರ ವಿಭಾಗದ ಪಾಲು ಎಷ್ಟೆಂದು ಬರೆದುಕೊಡಬೇಕು, ಬಾಗಿಲಿರುವ ಕೊಠಡಿ ಒಂದು ಬೇಕು ಎಂದು ಮೂರು ಷರತ್ತು ಕಳಿಸಿದ್ದೇನೆ. ಮೊದಲನೆಯದಕ್ಕೆ ಒಪ್ಪಿದ್ದಾರೆ, ಉಳಿದೆರಡರ ಕಡತ ಲೆಕ್ಕಪತ್ರ ವಿಭಾಗದಲ್ಲಿದೆ.